ರೊಪ್ಪದ ಕ್ಯಾಮೆರಾದ ಚಾರ್ಜು

ಬಡವನಹಳ್ಳಿ ಕಡೆಯ ಕೊಲ್ಲಾಪುರಮ್ಮ ಮೊದಲೆಲ್ಲ ಎದ್ದ ಕೂಡಲೇ ಕುರಿಗಳ ಮುಖ ನೋಡುತ್ತಿದ್ದಳು. ಈಚೆಗೆ ಫೋನು ನೋಡುತ್ತಾಳೆ.

ಪಕ್ಕದ ಊರಿನಲ್ಲಿ ಕುರಿ ಕಳುವಾದ ಮೇಲೆ, ಶಿರಾದಲ್ಲಿ ಅಂಗಡಿ ಇಟ್ಟಿರುವ ಖಲೀಲ್ ಬಂದು ಅವಳ ಕುರಿ ಕೂಡುವ ರೊಪ್ಪದ ಬಾಗಿಲ ಕಂಬಕ್ಕೆ ಸಿಮ್ ಹಾಕಿದ ಬ್ಯಾಟರಿ ಕ್ಯಾಮೆರಾ ಕೂರಿಸಿದ್ದ. ಎದುರಿಗೆ ಏನಾದರೂ ಅಲುಗಾಡಿದರೆ ಅದು ಎಚ್ಚರಗೊಳ್ಳುತ್ತದೆ, ಎಚ್ಚರಗೊಂಡಷ್ಟೂ ಚಾರ್ಜು ಇಳಿಯುತ್ತದೆ, ಹಾಗಿದ್ದರೂ ತಿಂಗಳುಗಟ್ಟಲೆ ಬರುತ್ತದೆ ಎಂದಿದ್ದ. ನಾಯಿ ಹಾದುಹೋದರೂ ಫೋನು ಬಡಿದುಕೊಳ್ಳುತ್ತದೆಂದು ಅವಳು ಆ ಸದ್ದು ನಿಲ್ಲಿಸಿದಳು. ಚಿತ್ರ ಉಳಿಸುವ ಮೆಮೊರಿ ಕಾರ್ಡು ಆಮೇಲೆ ನೋಡೋಣವೆಂದಳು. ಉಳಿದದ್ದು ಫೋನಿನಲ್ಲಿ ಕಾಣುವ ಚಾರ್ಜಿನ ಗುರುತು. ಅದು ವಾರ ತುಂಬುವುದರೊಳಗೆ ಕೆಂಪಾಯಿತು. ತುಂಬಿಸಿದರೆ ಮತ್ತೆ ಕೆಂಪು.

ಬ್ಯಾಟರಿ ಹೊಸದು, ಯಾರೋ ಓಡಾಡುತ್ತಿರಬೇಕು ಎಂದು ಖಲೀಲ್ ಫೋನಿನಲ್ಲೇ ಹೇಳಿದ. ರೊಪ್ಪದ ಬಾಗಿಲಲ್ಲಿ ಮಂಚ ಹಾಕಿಕೊಂಡು ಮಲಗುವವನು ವರ್ಷಗಳಿಂದ ಅವಳ ಕುರಿ ಕಾಯುವ ಹುಚ್ಚಣ್ಣ ಒಬ್ಬನೇ. ಅವಳು ಫೋನಿನಲ್ಲಿ ಇಣುಕಿದಾಗಲೆಲ್ಲ ಅವನು ಮುಸುಕೆಳೆದು ಮಲಗಿರುತ್ತಿದ್ದ. ಸರಿಯಾಗಿ ತಾನು ನೋಡುವಾಗಲೇ ಮಲಗಿರುತ್ತಾನಲ್ಲ ಎಂಬುದೇ ಅವಳಿಗೆ ಅನುಮಾನ ಹತ್ತಿಸಿತು.

"ರಾತ್ರೆ ಯಾರಾನ ಬಂದಿದ್ರಾ ಹುಚ್ಚಣ್ಣ?"

"ಯಾರ್ ಬತ್ತಾರೆ ಕಣಮ್ಮ. ನಾನು, ನಾಯಿ."

"ನಾಯಿ ವಿಚಾರ ನಾನು ಕೇಳ್ಲಿಲ್ಲ."

ಅವನು ಅವಳನ್ನೊಮ್ಮೆ ನೋಡಿ, ಕುರಿ ಹೊಡೆದುಕೊಂಡು ಹೋದ. ಪ್ರತಿ ಯುಗಾದಿಗೆ ಅವಳು ಅವನಿಗೆ ಹೊಸ ಕಂಬಳಿ ಹೊದಿಸುತ್ತಾಳೆ. ಅವನು ಹೊದ್ದರೆ ಇನ್ನೊಂದು ವರ್ಷ ಕೆಲಸಕ್ಕೆ ಇರುತ್ತಾನೆಂದು ಅರ್ಥ. ಈ ಸಲ ಕಂಬಳಿ ತರುವುದೇ ಬೇಡವೆಂದು ಅವಳು ನಿರ್ಧರಿಸಿದಳು. ಯಾರಿಗೂ ಹೇಳಲಿಲ್ಲ. ಹುಚ್ಚಣ್ಣನಿಗೆ ಮಾತ್ರ ತಿಳಿದಂತಿತ್ತು. ಊಟ ಇಕ್ಕಿದರೆ ಈಗ ಬೆನ್ನು ಹಾಕಿ ಉಣ್ಣುತ್ತಿದ್ದ.

ಮೂರನೇ ಸಲ ಚಾರ್ಜು ಇಳಿದಾಗ ಖಲೀಲನೇ ಬಂದ. ಕಂಬದ ಕೆಳಗೆ ನಿಂತು ಮೇಲೆ ನೋಡಿದ. ಕ್ಯಾಮೆರಾದ ಪಕ್ಕದಲ್ಲೇ, ಕಪ್ಪು ದಾರದಲ್ಲಿ, ಹಳೆಯ ಚಪ್ಪಲಿಯೊಂದು ತೂಗಾಡುತ್ತಿತ್ತು.

"ಇದನ್ನ ಯಾರಮ್ಮ ಕಟ್ಟಿದ್ದು?"

"ನಾನೇ. ಹೊಸಾ ಸಾಮಾನು, ದೃಷ್ಟಿ ಆಗ್ಬಾರ್ದು ಅಂತ."

ಚಿತ್ರಕ್ಕೆ ಬೀಳದಿದ್ದರೂ ಅಲುಗಾಟ ಹಿಡಿಯುವ ಕಣ್ಣಿಗೆ ಅದು ಬೀಳುತ್ತದೆ, ಗಾಳಿ ಬೀಸಿದಷ್ಟು ಸಲವೂ ಕ್ಯಾಮೆರಾ ಎದ್ದು ಕೂತಿದೆ ಎಂದು ಖಲೀಲ್ ವಿವರಿಸಿದ. ಬೇಲಿ ಪಕ್ಕ ನಿಂತಿದ್ದ ಹುಚ್ಚಣ್ಣ ಹತ್ತಿರ ಬಂದು ಕತ್ತೆತ್ತಿದ.

"ಅದು ನನ್ ಕೆರ ಕಣಮ್ಮ. ನಾಯಿ ಎತ್ಕಂಡ್ ಹೋಯ್ತು ಅಂತ ಅದಕ್ಕೆ ಹೊಡ್ದೆ."

ಕೊಲ್ಲಾಪುರಮ್ಮ ತಾನೇ ದಾರ ಕಿತ್ತು ಚಪ್ಪಲಿಯನ್ನು ಅವನ ಕೈಗಿತ್ತಳು. ಆಮೇಲೆ ಚಾರ್ಜು ಅಲ್ಲಾಡದೆ ನಿಂತಿತು.

ಯುಗಾದಿಗೆ ಅವಳು ಕಂಬಳಿ ತಂದಳು. ಹುಚ್ಚಣ್ಣ ಅದನ್ನು ಹಿಂದುಮುಂದು ತಿರುಗಿಸಿ ನೋಡಿ, ಕೊನೆಗೆ ಹೊದ್ದ. ಆ ರಾತ್ರಿ ಫೋನು ತೆರೆದರೆ ಬಾಗಿಲು ಖಾಲಿ. ಅವಳು ರೊಪ್ಪಕ್ಕೆ ಓಡಿದಳು. ಅವನ ಮಂಚ ಕ್ಯಾಮೆರಾದ ಕಣ್ಣಿಗೆ ಬೀಳದಂತೆ ಅದರ ಬೆನ್ನ ಹಿಂದಕ್ಕೆ ಹೋಗಿತ್ತು. ಹೊಸ ಕಂಬಳಿಯೊಳಗೆ ಅವನು ನಿದ್ದೆ ಹೋಗಿದ್ದ.