ಮಹಡಿಯಿಂದ ಹೊರಟ ತಾಂಬೂಲ

ತಲೆಯೆತ್ತಿ ನೋಡದೆ ನಾನು ಅಂಗಳಕ್ಕೆ ಇಳಿಯುವುದಿಲ್ಲ. ಕಂಡವರು ನನ್ನನ್ನು ದೈವಭಕ್ತನೆಂದು ತಿಳಿದಿದ್ದಾರೆ, ತಿಳಿಯಲಿ. ಶನಿ ನನ್ನ ಜಾತಕದಲ್ಲಿ ಎಲ್ಲಿದ್ದಾನೋ ಗೊತ್ತಿಲ್ಲ, ಮಂಗಳೂರಿನ ಬಲ್ಮಠದ ಈ ಬಾಡಿಗೆ ಮನೆಯಲ್ಲಿ ಮಾತ್ರ ಅವನು ಮಹಡಿಯಲ್ಲಿದ್ದ. ಅಲ್ಲಿ ವಾಸವಾಗಿದ್ದವರು ಪೇಟೆಯ ಹೈಸ್ಕೂಲೊಂದರ ವಿಜ್ಞಾನದ ಮಾಸ್ಟ್ರು. ನಮ್ಮವರೇ, ನನ್ನ ಹಾಗೆ ಮದುವೆಯಾಗದವರು, ಬಾಯಲ್ಲಿ ತಾಂಬೂಲವಿಲ್ಲದೆ ಒಂದು ಗಳಿಗೆ ಕೂತವರಲ್ಲ.

ತಾಂಬೂಲ ಎಲ್ಲರೂ ಹಾಕುತ್ತಾರೆ, ಉಗುಳುತ್ತಾರೆ ಕೂಡ. ಆದರೆ ಮಾಸ್ಟ್ರದ್ದು ಶಾಸ್ತ್ರೋಕ್ತವಾದ ಉಗುಳು. ಎಸೆದ ವಸ್ತು ಎರಡು ಕೆಲಸ ಒಟ್ಟಿಗೆ ಮಾಡುತ್ತದಂತೆ: ಎಸೆದ ವೇಗದಲ್ಲಿ ಮುಂದಕ್ಕೆ ಹೋಗುತ್ತಲೇ ಇರುತ್ತದೆ, ಭೂಮಿ ಎಳೆದಂತೆ ಕೆಳಕ್ಕೂ ಬೀಳುತ್ತಿರುತ್ತದೆ, ಒಂದಕ್ಕೆ ಇನ್ನೊಂದರ ಗೊಡವೆಯಿಲ್ಲ. ಕಿಟಕಿಯಿಂದ ಸುಮ್ಮನೆ ಕೈಬಿಟ್ಟ ಅಡಿಕೆಯೂ ಅಡ್ಡಕ್ಕೆ ಬೀಸಿ ಎಸೆದ ಅಡಿಕೆಯೂ ಒಂದೇ ಹೊತ್ತಿಗೆ ನೆಲ ಮುಟ್ಟುತ್ತವೆ ಎಂದು ನನ್ನ ಜಗಲಿಯಲ್ಲಿ ಕೂತು ವಿವರಿಸಿದ್ದರು. ಅಡಿಕೆಯೂ ನನ್ನದೇ. ಹೀಗೆ ಕಿಟಕಿಯ ಎತ್ತರ, ಬಾಯಿಯ ಓರೆ, ಉಸಿರಿನ ರಭಸ ಎಲ್ಲವನ್ನೂ ಗುಣಿಸಿ, ತಮ್ಮ ಉಗುಳು ಅಂಗಳ ದಾಟಿ, ಪಾಗಾರದ ಗೋಡೆ ದಾಟಿ, ಆಚೆ ನೀರು ಹರಿಯುವ ತೋಡಿಗೇ ಬೀಳುತ್ತದೆಂದು ಅವರು ಸಿದ್ಧಮಾಡಿದ್ದರು.

ಗಾಳಿಯನ್ನು ಮಾತ್ರ ಲೆಕ್ಕಕ್ಕೆ ಹಿಡಿದಿರಲಿಲ್ಲ. ಗಾಳಿ ಇಲ್ಲವೆಂದೇ ತಿಳಿಯಬೇಕೆಂದು ಪುಸ್ತಕದಲ್ಲಿ ಇದೆಯಂತೆ. ಬರೆದ ದೊರೆ ಮಧ್ಯಾಹ್ನದ ಮೇಲೆ ಮಂಗಳೂರಿಗೆ ಬಂದಿರಲಾರ. ಪಡುವಣ ಕಿಟಕಿ, ಎದುರಿಗೆ ಕಡಲಗಾಳಿ. ತೋಡಿಗೆಂದು ಹೊರಟದ್ದು ಅರ್ಧ ದಾರಿಯಲ್ಲಿ ಮನಸ್ಸು ಬದಲಿಸಿ ನನ್ನ ಅಂಗಳಕ್ಕೇ ಬರುತ್ತಿತ್ತು. ಒಣಹಾಕಿದ ನನ್ನ ಪಂಚೆಗಳಿಗೆ ಕೆಂಪು ಬುಟ್ಟಾ ಮೂಡಿದ್ದು ಹೀಗೆ.

ಆಗ ನನಗೊಂದು ಸಂಬಂಧ ಕೂಡಿಬರುವುದರಲ್ಲಿತ್ತು. ಹುಡುಗಿ ಹೊಳೆಯಾಚೆಯ ಬೆಂಗ್ರೆಯವಳು. ದೋಣಿಯಲ್ಲಿ ಒಮ್ಮೆ ಕಂಡಿದ್ದೆ. ಆಮೇಲೆ ಕೆಲಸವಿಲ್ಲದಿದ್ದರೂ ಬೆಂಗ್ರೆಯ ದೋಣಿ ಹತ್ತುತ್ತಿದ್ದೆ. ನಮ್ಮಲ್ಲಿ ಹೆಣ್ಣು ಕೊಡುವ ಮಾತು ಹುಡುಗಿಯ ಸೋದರಮಾವನದು. ಆ ಮಾವ ಒಂದು ಮಧ್ಯಾಹ್ನ ಹೊಳೆ ದಾಟಿ, ಹೊಸ ಬಿಳಿ ಶಾಲು ಹೊದ್ದು, ನನ್ನನ್ನು ನೋಡಲು ಜಟಕಾದಲ್ಲಿ ಬಂದಿಳಿದರು. ನಾನು ಅಂಗಳದಲ್ಲಿ ಕೈಮುಗಿದು ನಿಂತಿದ್ದೆ. ಮೇಲೆ ಕಿಟಕಿ ತೆರೆದ ಸದ್ದಾಯಿತು. "ಮಾವ, ಈಚೆ ಬನ್ನಿ" ಎನ್ನುವಷ್ಟರಲ್ಲಿ ಶಾಲಿನ ಮೇಲೆ ಬಿದ್ದಾಗಿತ್ತು.

"ಎಂತ ಮಾರಾಯ್ರೆ ಇದು!" ಎಂದು ಮಾವ ಗುಡುಗಿದರು. ಮಾಸ್ಟ್ರು ಇಳಿದು ಬಂದರು, ಕ್ಷಮೆ ಕೇಳಲಿಕ್ಕಲ್ಲ. ಅದು ಇಲ್ಲಿ ಬೀಳಲು ಸಾಧ್ಯವೇ ಇಲ್ಲವೆಂದು ಹೇಳಿ, ಕೋಲಿನಿಂದ ನೆಲದ ಮೇಲೆ ಕಿಟಕಿ ಬರೆದು, ಬಿಲ್ಲಿನಂಥ ಗೆರೆಯೆಳೆದು ತೋಡಿಗೆ ಮುಟ್ಟಿಸಿದರು.

"ಹಾಗಾದರೆ ಶಾಲಿನಲ್ಲಿ ಉಂಟಲ್ಲ, ಅದು ಎಂತ?" ಎಂದರು ಮಾವ.

"ಶಾಲು ಅಲ್ಲಿ ಇರಬಾರದಿತ್ತು," ಎಂದರು ಮಾಸ್ಟ್ರು.

ಮಾವ ಗೆರೆಯನ್ನು ನೋಡಿದರು, ಮಾಸ್ಟ್ರನ್ನು ನೋಡಿದರು. ಈಗ ಒಂದು ಬಾರಿಸುತ್ತಾರೆಂದು ನಾನು ಆಸೆಯಿಂದ ಕಾದೆ.

"ಇಷ್ಟು ಕಲಿತವರು ನಮ್ಮ ಕುಟುಂಬದಲ್ಲಿ ಒಬ್ಬರೂ ಇಲ್ಲ. ಮಾಸ್ಟ್ರೆ, ನಿಮಗೆ ಮದುವೆ ಆಯ್ತಾ?"

ಹುಡುಗಿ ಮಹಡಿಗೇ ಬಂದಳು. ಬಂದ ವಾರದಲ್ಲೇ ಕಿಟಕಿಯ ಬಳಿ ಒಂದು ಪೀಕದಾನಿ ಇಟ್ಟಳು. ಮಾಸ್ಟ್ರ ಶಾಸ್ತ್ರವೆಲ್ಲ ಅದರೊಳಗೆ ಇಂಗಿಹೋಯಿತು. ಈಗ ನನ್ನ ಪಂಚೆಗಳು ಹಾಲಿನಂತೆ ಬೆಳ್ಳಗಿವೆ. ಮೇಲಿನಿಂದ ಏನೂ ಬೀಳುವುದಿಲ್ಲ. ಆದರೂ ಅಂಗಳಕ್ಕೆ ಇಳಿದಾಗಲೆಲ್ಲ ತಲೆಯೆತ್ತಿ ಆ ಕಿಟಕಿಯನ್ನು ನೋಡುತ್ತೇನೆ. ಯಾಕೆಂದು ಕೇಳಿದವರಿಗೆ, ಪಂಚೆಯ ಚಿಂತೆ ಎನ್ನುತ್ತೇನೆ.