ಎಂಟು ತಿಂಗಳ ದಾಸೋಹ

ಕೊರೊನಾದ ಎರಡನೆಯ ಅಲೆ ಇಳಿದು ಇಳಕಲ್ಲಿನ ಮಗ್ಗಗಳು ಮತ್ತೆ ಸದ್ದು ಮಾಡತೊಡಗಿದ ವರ್ಷ ನಾನು ಹುನಗುಂದದಲ್ಲಿದ್ದೆ. ಬಾಗಲಕೋಟೆಯ ಒಂದು ಸ್ವಯಂಸೇವಾ ಸಂಸ್ಥೆಯಲ್ಲಿ ಮಹಿಳೆಯರ ಸ್ವಸಹಾಯ ಸಂಘಗಳನ್ನು ಕಟ್ಟುತ್ತ ನನ್ನ ವೃತ್ತಿಯ ಬಹುಭಾಗ ಕಳೆದಿತ್ತು. ನಿವೃತ್ತಿ ಹತ್ತಿರವಾಗಿದ್ದಾಗ ಆ ಸೀಮೆಯ ಒಂದು ಮಠ ನನ್ನನ್ನು ಪ್ರಾಜೆಕ್ಟ್ ಕೋ-ಆರ್ಡಿನೇಟರ್ ಆಗಿ ಎರವಲು ಕೇಳಿತು. ಮಠದ ಕೆಲಸವೆಂದರೆ ಪ್ರಸಾದ ನಿಲಯದ ಉಸ್ತುವಾರಿ ಇರಬಹುದೆಂದುಕೊಂಡು ಹೋದೆ.

ಸ್ವಾಮೀಜಿಯವರು ನನಗಿಂತ ಚಿಕ್ಕವರು, ಧಾರವಾಡದಲ್ಲಿ ಅರ್ಥಶಾಸ್ತ್ರ ಓದಿದವರು. ಮೊದಲ ದಿನವೇ ಅವರು ಹೇಳಿದ ಮಾತು ನನ್ನನ್ನು ಹಿಡಿದು ನಿಲ್ಲಿಸಿತು.

“ಹಸಿದಾವ ಮಠಕ್ಕ ಬಂದು ಸಾಲಿನ್ಯಾಗ ನಿಲ್ಲಬೇಕು ಅಂದ್ರ ಅದು ನಮ್ಮ ದೊಡ್ಡಸ್ತಿಕಿ ಆತು, ದಾಸೋಹ ಆಗ್ಲಿಲ್ಲ. ಅವನ ಪಾಲು ಅವನ ಮನಿಗೇ ಮುಟ್ಟಬೇಕು, ತಾಯಿ.”

ಅವರ ಮನಸ್ಸಿನಲ್ಲಿದ್ದುದು ಬೇಸಿಕ್ ಇನ್‌ಕಮ್. ದುಡಿಯುತ್ತಾರೋ ಇಲ್ಲವೋ, ಯೋಗ್ಯರೋ ಅಲ್ಲವೋ ಎಂದು ಪರೀಕ್ಷೆ ಮಾಡದೆ, ಬದುಕಿಗೆ ಬೇಕಾದ ಕನಿಷ್ಠ ಹಣವನ್ನು ತಿಂಗಳು ತಿಂಗಳೂ ಖಾತ್ರಿಯಾಗಿ ಕೊಡುವ ವ್ಯವಸ್ಥೆ. ಇದನ್ನು ಶರಣರ ದಾಸೋಹ ತತ್ವದ ಹೆಸರಿನಲ್ಲಿ ಕೇಳಿದರೆ ನಮ್ಮ ಜನಕ್ಕೆ ತಿಳಿಯುತ್ತದೆ ಎಂಬುದು ಅವರ ನಂಬಿಕೆ. ಇಳಕಲ್ಲಿನ ಒಂದು ಓಣಿಯ ನಲವತ್ತು ಮನೆಗಳಿಗೆ ಒಂದು ವರ್ಷ ಹಣ ಕೊಡುವುದು, ಆಮೇಲೆ ನಾಲ್ಕಾರು ಮಠಗಳನ್ನು ಸೇರಿಸಿ ಇದನ್ನು ಕಾನೂನು ಮಾಡಿರೆಂದು ಸರ್ಕಾರದ ಮುಂದೆ ನಿಲ್ಲುವುದು, ಇಷ್ಟು ಯೋಜನೆ. ಹಣ ಮಠದ್ದು. ಮಠಕ್ಕೆ ಹಣ ಭಕ್ತರದು. ಭಕ್ತರಲ್ಲಿ ದೊಡ್ಡವರು ಮಗ್ಗದ ಸಾಹುಕಾರರು. ಈ ಸರಪಳಿ ಆಗ ನನಗೆ ಸಹಜವಾಗಿಯೇ ಕಂಡಿತು.

ಆ ಓಣಿಯ ಹೆಣ್ಣುಮಕ್ಕಳು ಹೆಚ್ಚಾಗಿ ಕಂಡಿಕೆ ಸುತ್ತುವವರು, ಅಂದರೆ ಲಾಳಿಯಲ್ಲಿ ಕೂಡಿಸುವ ಸಣ್ಣ ಕೊಳವೆಗಳಿಗೆ ನೂಲು ಸುತ್ತಿಕೊಡುವವರು. ನೂಲು ಸಾಹುಕಾರರದು, ಕೂಲಿ ಅವರು ಹೇಳಿದ್ದು. ಇದರ ಮೇಲೆ ಇನ್ನೊಂದು ರೂಢಿ ಇತ್ತು. ಸಾಹುಕಾರರ ಮನೆಯಲ್ಲಿ ಏನೇ ಕಾರ್ಯವಿದ್ದರೂ ಇವರು ಹೋಗಿ ರೊಟ್ಟಿ ಬಡಿಯಬೇಕು, ಪಾತ್ರೆ ತೊಳೆಯಬೇಕು. ಅದಕ್ಕೆ ಕೂಲಿಯಿಲ್ಲ, ಉಳಿದ ಅಡುಗೆ ಕಟ್ಟಿಕೊಡುತ್ತಿದ್ದರು.

ನೀಲವ್ವ ಈ ನಲವತ್ತು ಮನೆಗಳಲ್ಲಿ ಒಂದರವಳು. ನೇಕಾರನಾಗಿದ್ದ ಗಂಡ ಕೊರೊನಾದಲ್ಲಿ ತೀರಿಕೊಂಡಿದ್ದ. ಮಾತು ಕಡಿಮೆ, ಕೈ ಚುರುಕು. ಹಣ ಬರತೊಡಗಿದ ಮೇಲೂ ಕಂಡಿಕೆ ಸುತ್ತುವುದನ್ನು ಅವಳು ಒಂದು ದಿನವೂ ಬಿಡಲಿಲ್ಲ. ಓಣಿಯಲ್ಲಿ ಯಾರೂ ಬಿಡಲಿಲ್ಲ. ಹಣ ಕೊಟ್ಟರೆ ಜನ ಸೋಮಾರಿಗಳಾಗುತ್ತಾರೆ ಎಂದು ಕೇಳಿ ಕೇಳಿ ಬೆಳೆದ ನಾನೇ ಮೊದಲ ತಿಂಗಳುಗಳಲ್ಲಿ ಅದನ್ನು ಗಮನಿಸುತ್ತಿದ್ದೆ.

ಆರನೆಯ ತಿಂಗಳು ಚನ್ನಪ್ಪ ಸಾಹುಕಾರರ ಮಗಳ ಕುಬುಸ, ಅಂದರೆ ಸೀಮಂತ, ಬಂತು. ಮಠದ ದಾನಿಗಳಲ್ಲಿ ಅವರೇ ಮೊದಲಿಗರು. ರೊಟ್ಟಿಗೆ ಕರೆಯಲು ಬಂದ ಆಳಿಗೆ ನೀಲವ್ವ ಬಾಗಿಲಲ್ಲೇ ನಿಂತು, “ಕೂಲಿ ಎಷ್ಟು ಕೊಡ್ತಾರ ಕೇಳಿಕೊಂಡು ಬಾರಪ್ಪ, ಬರ್ತೇನಿ” ಅಂದಳಂತೆ. ಆಳು ತಿರುಗಿ ಬರಲಿಲ್ಲ. ಪಕ್ಕದ ಮನೆಯವರೂ ಅಂದು ಹೋಗಲಿಲ್ಲ. ಸಾಹುಕಾರರು ಕುಬುಸಕ್ಕೆ ಹೊರಗಿನಿಂದ ಅಡುಗೆಯವರನ್ನು ತರಿಸಬೇಕಾಯಿತು.

ಮರುದಿನ ಅವರು ಮಠಕ್ಕೆ ಬಂದಾಗ ನಾನು ಅಲ್ಲಿಯೇ ಇದ್ದೆ.

“ಅಪ್ಪಾರ, ಕಾಯಕ ಇಲ್ಲದ ರೊಕ್ಕ ಕೊಟ್ಟು ಮಂದೀನ ಕೆಡಸಾಕತ್ತೀರಿ. ಶರಣರು ಹೇಳಿದ್ದು ಕಾಯಕ ಅಲ್ಲೇನ್ರಿ?”

ಸ್ವಾಮೀಜಿ ನಕ್ಕರು. “ಆಕಿ ಕಾಯಕ ಬಿಟ್ಟಿಲ್ರಿ, ಸಾಹುಕಾರ್ರ. ಬಿಟ್ಟಿ ಬಿಟ್ಟಾಳ.”

ನನ್ನ ವೃತ್ತಿಜೀವನದಲ್ಲಿ ಅಂಥ ಮಾತನ್ನು ಅಂಥ ಜಾಗದಲ್ಲಿ ನಾನು ಕೇಳಿರಲಿಲ್ಲ. ಈ ಗುರುಗಳ ಜೊತೆ ಎಷ್ಟು ದೂರವಾದರೂ ನಡೆಯಬಹುದು ಅನ್ನಿಸಿತು.

ಎರಡು ತಿಂಗಳ ನಂತರ ಬೇರೆ ಮಠಗಳನ್ನು ಈ ಬೇಡಿಕೆಗೆ ಸೇರಿಸಿಕೊಳ್ಳಲು ವರ್ಷ ತುಂಬುವ ಮೊದಲೇ ಬಾಗಲಕೋಟೆಯ ಒಂದು ಕಲ್ಯಾಣ ಮಂಟಪದಲ್ಲಿ ಸಮಾವೇಶ ನಡೆಯಿತು. ವೇದಿಕೆಯ ಮೇಲೆ ನಾಲ್ಕು ಮಠಗಳ ಸ್ವಾಮಿಗಳು, ಅಧಿಕಾರಿಗಳು, ದಾನಿಗಳ ಪರವಾಗಿ ಚನ್ನಪ್ಪ ಸಾಹುಕಾರರು. ಓಣಿಯ ಪರವಾಗಿ ನೀಲವ್ವ ಮಾತಾಡಬೇಕೆಂದು ಸ್ವಾಮೀಜಿಯೇ ಬಯಸಿದ್ದರು. ಉಪಕಾರ ಸ್ಮರಿಸಿ ಎರಡು ಮಾತು ಸಾಕು ಎಂದು ನಿರೂಪಕರು ಅವಳ ಕಿವಿಯಲ್ಲಿ ಹೇಳಿದ್ದನ್ನು ನಾನು ಕೇಳಿಸಿಕೊಂಡೆ. ಅವಳು ಸೆರಗು ಸರಿಮಾಡಿಕೊಂಡು ಮೈಕಿನ ಮುಂದೆ ನಿಂತಳು.

“ರೊಕ್ಕ ಬಂದು ನಾ ಸಾಹುಕಾರ್ತಿ ಆಗಿಲ್ರಿ. ಕಂಡಕಿ ಸುತ್ತೂದೂ ತಪ್ಪಿಲ್ಲ. ಆದ್ರ ಮೊದಲ ದೊಡ್ಡ ಮನಿಯಿಂದ ಕರಿ ಬಂದ್ರ ಹೊಟ್ಟ್ಯಾಗ ಅಂಜಿಕಿ ಹುಟ್ಟತಿತ್ತು. ಈಗ ಯಾಕ ಕರದ್ರಿ ಅಂತ ಕೇಳ್ತೇನಿ.”

ಕೆಳಗೆ ಕೂತಿದ್ದ ಹೆಣ್ಣುಮಕ್ಕಳು ಚಪ್ಪಾಳೆ ತಟ್ಟಿದರು. ವೇದಿಕೆಯ ಮೇಲೆ ಯಾರೂ ತಟ್ಟಲಿಲ್ಲ. ಚನ್ನಪ್ಪ ಸಾಹುಕಾರರು ಫೋನ್ ಕಿವಿಗಿಟ್ಟುಕೊಂಡು ಎದ್ದು ಹೋದವರು ಮತ್ತೆ ಬರಲಿಲ್ಲ.

ಅದೇ ವಾರ ಸಾಹುಕಾರರೆಲ್ಲ ಕೂಡಿ ಮಠಕ್ಕೆ ಹೇಳಿಕಳಿಸಿದರು: ಈ ಹಣ ನಿಲ್ಲದಿದ್ದರೆ ತಮ್ಮ ಕಾಣಿಕೆ ನಿಲ್ಲುತ್ತದೆ. ಸ್ವಾಮೀಜಿ ನನ್ನನ್ನು ಕರೆಸಿದರು. ಕುಳಿತುಕೊಳ್ಳಲು ಹೇಳಲಿಲ್ಲ.

“ಮಠ ನಡೀಬೇಕಲ್ಲ, ತಾಯಿ. ಇಲ್ಲೆ ಹಾಸ್ಟೆಲಿನ್ಯಾಗ ಇಷ್ಟು ಹುಡುಗರು ಉಣ್ತಾರ. ನಲವತ್ತು ಮನಿ ಸಲುವಾಗಿ ಅವ್ರನ್ನ ಉಪವಾಸ ಕೆಡವಲೇನು?”

“ಒಂದು ವರ್ಷ ಅಂತ ನಿಮ್ಮ ಹೆಸರ್ಲೇ ಮಾತು ಕೊಟ್ಟೇವ್ರಿ, ಅಪ್ಪಾರ.”

“ಆ ಮಾತು ಮುಂದ ಸರ್ಕಾರ ನಡಸ್ಲಿ” ಎಂದು ಅವರು ಪೂಜೆಗೆ ಎದ್ದರು.

ಹುಡುಗರ ಹಸಿವು ಸುಳ್ಳಲ್ಲ, ಸಂಕಟವಿದ್ದದ್ದೇ ಅಲ್ಲಿ. ಆದರೆ ಸಾಹುಕಾರರು ಹೂಡಿದ ಬೆದರಿಕೆಯನ್ನು ಸ್ವಾಮೀಜಿ ತಮ್ಮ ಕರುಣೆಯ ಮಾತಾಗಿ ಮಾಡಿಕೊಂಡು ನನಗೆ ಹೇಳಿದ್ದನ್ನು ಇಂದಿಗೂ ಸಹಿಸಲಾರೆ.

ಓಣಿಗೆ ಸುದ್ದಿ ಮುಟ್ಟಿಸುವ ಕೆಲಸ ನನ್ನದಾಯಿತು. ಹೆಂಗಸರೆಲ್ಲ ಹನುಮಪ್ಪನ ಗುಡಿಯ ಕಟ್ಟೆಯ ಹತ್ತಿರ ಸೇರಿದರು. ಹಣ ನಿಂತಿತೆಂದು ಹೇಳಿದೆ. ನೀಲವ್ವ ಒಬ್ಬಳೇ ಬಾಯಿ ತೆರೆದಳು.

“ನಾ ಮಾತಾಡಿದ್ದಕ್ಕ ನಿಂತ್ತೇನ್ರಿ, ಅಕ್ಕಾರ?”

“ಹೌದು” ಅಂದೆ. ಸುಳ್ಳು ಹೇಳಲಾಗಲಿಲ್ಲ.

ಎಲ್ಲರೂ ಕೇಳಿಸಿಕೊಂಡರು. ಸಮಾವೇಶದಲ್ಲಿ ಚಪ್ಪಾಳೆ ತಟ್ಟಿದವರೇ ಆ ಹೊತ್ತು ಅವಳ ಕಡೆ ನೋಡದೆ ಎದ್ದು ಮನೆಗೆ ನಡೆದರು. ಮುಂದಿನ ದಿನಗಳಲ್ಲಿ ಚನ್ನಪ್ಪ ಸಾಹುಕಾರರು ಉಳಿದವರಿಗೆಲ್ಲ ನೂಲು ಕೊಟ್ಟರು, ಹಬ್ಬಹರಿದಿನಗಳಿಗೆ ಮೊದಲಿನಂತೆ ಮನೆಗೆ ಬರಬೇಕೆಂಬ ಕರಾರಿನ ಮೇಲೆ. ನೀಲವ್ವನಿಗೆ ಅವರೂ ಕೊಡಲಿಲ್ಲ, ಊರಿನ ಬೇರೆ ಸಾಹುಕಾರರೂ ಕೊಡಲಿಲ್ಲ. ಅವರಿವರ ಬಳಿ ನಾನು ಹೋಗಿ ಕೇಳಿದೆ. ಚಹಾ ಕುಡಿಸಿ ಕಳಿಸಿದರು. ಒಂದು ದಿನ ಅವಳ ಬಾಗಿಲಿಗೆ ಬೀಗ ಬಿದ್ದಿತ್ತು. ನಾನೂ ಮಠದ ಕೆಲಸ ಬಿಟ್ಟು ಬಾಗಲಕೋಟೆಗೆ ಮರಳಿದೆ.

ಆಮೇಲೆ ಸರ್ಕಾರದ ಹಣ ಮನೆಯೊಡತಿಯರ ಖಾತೆಗೆ ಬರುವ ಕಾಲ ಬಂತು. ಅದನ್ನೂ ಸಾಹುಕಾರರು ಬೈಯುತ್ತಾರೆ. ಆದರೆ ಅದನ್ನು ನಿಲ್ಲಿಸಲು ಒಂದು ಮಠದ ಬಾಗಿಲು ತಟ್ಟಿದರೆ ಸಾಲದು.

ನಿವೃತ್ತಳಾದ ಮೇಲೆ ಒಮ್ಮೆ ಕೂಡಲಸಂಗಮದಲ್ಲಿ ಆ ಸ್ವಾಮೀಜಿಯ ಪ್ರವಚನ ಕೇಳಿದೆ. ಅವರು ಈಗಲೂ ಖಾತ್ರಿ ಆದಾಯದ ಬಗ್ಗೆಯೇ ಮಾತಾಡುತ್ತಾರೆ, ಮೊದಲಿಗಿಂತ ಚೆನ್ನಾಗಿ. ಇಳಕಲ್ಲಿನ ಓಣಿಯೊಂದರಲ್ಲಿ ತಮ್ಮ ಮಠ ಇದನ್ನು ಮಾಡಿ ಗೆದ್ದಿದೆ ಎಂದರು. ಜನ ಭಕ್ತಿಯಿಂದ ತಲೆದೂಗಿದರು.

ಕೆಲವು ದಿನಗಳ ನಂತರ ಬನಶಂಕರಿಯ ಗುಡಿಗೆ ಹೋದವಳು ಪಕ್ಕದ ಚೊಳಚಗುಡ್ಡದ ಒಂದು ಖಾನಾವಳಿಯಲ್ಲಿ ಊಟಕ್ಕೆ ಕೂತೆ. ಒಳಗೆ ಒಲೆಯ ಮುಂದೆ ನೀಲವ್ವ ಇದ್ದಳು.

“ಚಲೋ ಐತ್ರಿ ಇಲ್ಲೆ. ರೊಟ್ಟಿ ಎಣಸ್ತಾರ, ಕೂಲಿ ಕೊಡ್ತಾರ” ಅಂದಳು.

ಪ್ರವಚನದ ಮಾತು ಹೇಳಿದೆ. ಅವಳು ಹಂಚಿನ ಮೇಲಿನ ರೊಟ್ಟಿ ಮಗುಚಿದಳು.

“ಹಂಗಾರ ಅಪ್ಪಾರಿಗೆ ಹೇಳ್ರಿ, ಗೆದ್ದಾಕಿ ಇಲ್ಲಿ ಒಲಿ ಹೊಗಿ ಕುಡಿಯಾಕತ್ತಾಳ ಅಂತ.”

ಕೊಡುವವರ ಮನಸ್ಸಿನ ಮೇಲೆ ನಿಂತದ್ದು ಖಾತ್ರಿಯಲ್ಲ. ನನ್ನ ಕೆಲಸ ನನಗೆ ಕಲಿಸಿದ್ದು ಇಷ್ಟೇ, ಅದೂ ಕೊನೆಯ ವರ್ಷಗಳಲ್ಲಿ. ಬಡತನ ನಿವಾರಣೆಯ ಸಭೆಗಳಿಗೆ ಈಗಲೂ ಅಲ್ಲಲ್ಲಿ ನನ್ನನ್ನು ಕರೆಯುತ್ತಾರೆ. ಎಲ್ಲರ ಮಾತು ಮುಗಿದ ಮೇಲೆ ನಾನು ಕೇಳುವುದು ಒಂದೇ ಪ್ರಶ್ನೆ: ಹಣ ಪಡೆದವಳು ನಾಳೆ ನಿಮಗೇ ಎದುರಾಡಿದರೆ ನಾಡಿದ್ದೂ ಅವಳಿಗೆ ಹಣ ಬರುತ್ತದೆಯೇ? ಹೀಗೆ ಕೇಳಿದ ಕಡೆ ಎರಡನೆಯ ಸಲ ನನ್ನನ್ನು ಕರೆದಿಲ್ಲ.