ತೊಳೆದರೆ ಹೋಗುವ ನೀಲಿ

ಜನನ ಮರಣ ನೋಂದಣಿ ಕಚೇರಿಯಲ್ಲಿ ಇಪ್ಪತ್ತಾರು ವರ್ಷದಿಂದ ಗುಮಾಸ್ತನಾಗಿರುವ ಈ ಮನುಷ್ಯನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇದ್ದೇ ಇದೆ. ಆದರೆ ಅದು ಹಾಜರಿ ಪುಸ್ತಕದಲ್ಲಷ್ಟೇ ಉಳಿದಿದೆ. ಮಿಕ್ಕ ಕಡೆಯೆಲ್ಲ ಅವನು ಮಸಿರಾಯ. ಬಲಗೈಯ ಎರಡು ಬೆರಳಿಗೆ ಸದಾ ಇಂಕು ಮೆತ್ತಿಕೊಂಡಿರುವವನನ್ನು ಜನ ಬೇರೇನಂತ ಕರೆದಾರು? ಅಕ್ಷರ ಮಾತ್ರ ಮುತ್ತು ಪೋಣಿಸಿದ ಹಾಗೆ. "ಕೈಬರಹ ಚೆನ್ನಾಗಿರೋರ ಹಣೆಬರಹ ಚೆನ್ನಾಗಿರಲ್ಲ ಕಣಯ್ಯ" ಅಂತ ಪಕ್ಕದ ಮೇಜಿನ ಗುಮಾಸ್ತ ಆಗಾಗ ಚುಚ್ಚುವುದುಂಟು. ಅವನ ಬರಹವೋ ಕಾಗೆಕಾಲು ಗುಬ್ಬಿಕಾಲು. ಕಚೇರಿ ಅವನಿಗೆ ಕಾಗೆಕಾಲು ಅಂತಲೇ ಹೆಸರಿಟ್ಟಿದೆ. ಹೀಗಾಗಿ ಆ ಚುಚ್ಚುಮಾತನ್ನು ಮಸಿರಾಯ ಹೊಗಳಿಕೆ ಎಂದೇ ಜಮಾ ಮಾಡಿಕೊಳ್ಳುತ್ತಿದ್ದ.

ಅವನ ಭಾನುವಾರವನ್ನು ಒಮ್ಮೆ ನೋಡಬೇಕು. ತಿಂಡಿ ಮುಗಿದದ್ದೇ ತಡ, ಕಿಟಕಿಯ ಪಕ್ಕದ ಮೇಜಿಗೆ ಹಳೇ ಬಟ್ಟೆ ಹಾಸಿ, ಹನ್ನೊಂದು ಫೌಂಟನ್ ಪೆನ್ನುಗಳನ್ನು ಸಾಲಾಗಿ ಮಲಗಿಸುತ್ತಾನೆ. ಒಂದೊಂದನ್ನೇ ಬಿಚ್ಚಿ, ಉಗುರುಬೆಚ್ಚಗಿನ ನೀರಿನಲ್ಲಿ ನಿಬ್ಬು ತೊಳೆದು, ಒರೆಸಿ, ಬೆಳಕಿಗೆ ಹಿಡಿದು ನೋಡುತ್ತಾನೆ. ಹೊಸ ಇಂಕು ತಂದರೆ ದಪ್ಪ ಕಾಗದದ ನೋಟುಬುಕ್ಕಿನಲ್ಲಿ ಅದರ ಹೆಸರು, ತಂದ ದಿನ, ಅದೇ ಇಂಕಿನಲ್ಲಿ ಎರಡು ಸಾಲು. ಏನು ಬರೆಯುತ್ತಾನೆ ಎಂಬುದು ಮುಖ್ಯವಲ್ಲ. "ಇವತ್ತು ಬಿಸಿಲು ಚೆನ್ನಾಗಿದೆ" ಎಂದರೂ ಆಯಿತು. ನಿಬ್ಬು ಸರಿಯುವಾಗಿನ ಆ ಸಣ್ಣ ಸದ್ದು ಕೇಳಿಸಿ, ಒದ್ದೆ ಗೆರೆ ಕಣ್ಣೆದುರೇ ಆರಿದರೆ ಅವನಿಗೆ ಸ್ವರ್ಗಕ್ಕೆ ಮೂರೇ ಗೇಣು. "ಪೆನ್ನು ನಿಮ್ಮ ಹೆಂಡ್ತಿ, ನಾನು ಬರೀ ಕ್ಯಾಪು" ಎಂದು ಹೆಂಡತಿ ಹೇಳುತ್ತಿದ್ದಳು. ಆದರೂ ಹನ್ನೊಂದನೆಯ ಪೆನ್ನನ್ನು, ಎಲ್ಲಕ್ಕಿಂತ ಒಳ್ಳೆಯದನ್ನು, ಐದು ವರ್ಷದ ಹಿಂದೆ ತಂದುಕೊಟ್ಟವಳು ಅವಳೇ.

ಒಂದು ಭಾನುವಾರ ಕಾಫಿ ತಂದವಳು ಲೋಟವನ್ನು ತೆರೆದ ನೋಟುಬುಕ್ಕಿನ ಮೇಲೆಯೇ ಇಟ್ಟಳು. ಲೋಟದ ತಳ ಒದ್ದೆಯಾಗಿತ್ತು. ಮಸಿರಾಯ ಗದರಿಸುತ್ತ ಲೋಟ ಎತ್ತಿದರೆ ಪುಟದ ನಡುವೆ ದುಂಡನೆಯ ಗುರುತು. ಬೇರೆ ಇಂಕುಗಳ ಸಾಲು ಸ್ವಲ್ಪ ಕದಡಿದ್ದವು. ಒಂದು ಇಂಕಿನ ಸಾಲು ಮಾತ್ರ ಗುರುತಿನ ಒಳಗೆ ಇಲ್ಲವೇ ಇಲ್ಲ. ತಿಳಿ ನೇರಳೆಯ ಕಲೆಯೊಂದಿತ್ತು, ಅಕ್ಷರ ಇರಲಿಲ್ಲ.

ಅದು ಅವನು ಬಹಳ ಇಷ್ಟಪಟ್ಟು ತಂದಿದ್ದ ನೀಲಿಗಪ್ಪು. ಕಪಾಟಿನ ಹಿಂದಿನಿಂದ ಖಾಲಿ ಸೀಸೆ ಹುಡುಕಿ ತೆಗೆದು, ಕನ್ನಡಕ ಏರಿಸಿ, ಅದರ ಚೀಟಿಯನ್ನು ಮೊದಲ ಸಲ ಪೂರ್ತಿ ಓದಿದ. ಮಕ್ಕಳ ಬಟ್ಟೆಯ ಮೇಲೆ ಬಿದ್ದರೂ ನೀರಿನಲ್ಲಿ ತೊಳೆದರೆ ಸಾಕು, ಹೋಗುತ್ತದೆ ಎಂದು ಇರುವೆಯಂಥ ಅಕ್ಷರದಲ್ಲಿ ಬರೆದಿತ್ತು. ಬಣ್ಣಕ್ಕೆ ಮರುಳಾದವನು ಚೀಟಿ ಓದುವುದುಂಟೇ?

"ಹೋದ್ರೆ ಹೋಗ್ಲಿ ಬಿಡಿ, ಇನ್ನೊಂದ್ಸಲ ಬರೆದ್ರಾಯ್ತು" ಎಂದಳು ಹೆಂಡತಿ.

ಅವನು ಸೀಸೆಯನ್ನು ಮೆಲ್ಲಗೆ ಕೆಳಗಿಟ್ಟ. ಆ ಇಂಕು ನೋಟುಬುಕ್ಕಿನಲ್ಲಿ ಮಾತ್ರ ಇರಲಿಲ್ಲ. ಜನನ ರಿಜಿಸ್ಟರಿನಲ್ಲೂ ಇತ್ತು.

ಕಚೇರಿ ಕೊಡುವ ಇಂಕು ಗಟ್ಟಿ. ನೀರು ಬೀಳಲಿ, ಬಿಸಿಲು ಬೀಳಲಿ, ನೂರು ವರ್ಷ ಅಲುಗುವುದಿಲ್ಲ. ಆದರೆ ಅದು ಪೆನ್ನಿನ ಗಂಟಲಲ್ಲಿ ಕೂತರೆ ಪೆನ್ನಿನ ಕಥೆ ಮುಗಿದಂತೆ. ಅದಕ್ಕೇ ಕಚೇರಿಯಲ್ಲಿ ಅದ್ದಿ ಬರೆಯುವ ಕಡ್ಡಿ ಕೊಡುತ್ತಾರೆ. ಐದು ವರ್ಷದ ಹಿಂದೆ ಹೊಸ ಪೆನ್ನು ಬಂದಾಗ ಮಸಿರಾಯನಿಗೆ ಅದರಲ್ಲೇ ರಿಜಿಸ್ಟರು ಬರೆಯುವ ಆಸೆ. ಕಚೇರಿ ಇಂಕು ತುಂಬಿಸಲು ಮನಸ್ಸು ಬರಲಿಲ್ಲ. ತನ್ನ ನೀಲಿಗಪ್ಪು ತುಂಬಿಸಿದ. ನೋಡಲು ಎರಡೂ ಒಂದೇ, ಯಾರಿಗೂ ಗೊತ್ತಾಗಲಿಲ್ಲ. ಮೂರು ತಿಂಗಳಿಗೆ ಸೀಸೆ ಖಾಲಿಯಾಯಿತು, ಅಂಗಡಿಯಲ್ಲಿ ಮತ್ತೆ ಸಿಗಲಿಲ್ಲ, ಅವನು ತೆಪ್ಪಗೆ ಕಡ್ಡಿಗೆ ಮರಳಿದ. ಆ ಮೂರು ತಿಂಗಳಲ್ಲಿ ಹುಟ್ಟಿದ ಮಕ್ಕಳೆಲ್ಲ ಈಗ ಒಂದು ಲೋಟ ನೀರಿನ ಭಯದಲ್ಲಿದ್ದರು.

ಬಹುಪಾಲು ಮಕ್ಕಳ ಅಪ್ಪ ಅಮ್ಮ ಟೈಪು ಮಾಡಿಸಿದ ನಕಲು ಒಯ್ದಿದ್ದಾರೆ. ಅವರ ಚಿಂತೆ ಅಷ್ಟಿರಲಿಲ್ಲ. ಮಸಿರಾಯನನ್ನು ಕಾಡಿದ್ದು ಒಂದೇ ಹೆಸರು. ಶಾಲೆಯ ಸಮವಸ್ತ್ರ ಹೊಲಿಯುವ ಟೈಲರಮ್ಮನ ಮಗಳು. ಹುಟ್ಟಿ ಒಂದು ದಿನ ಬದುಕಿತ್ತು. ಒಂದು ದಿನದ ಕೂಸಿಗೆ ಹೆಸರು ಯಾಕೆ ಎಂದು ಮನೆಯವರೆಲ್ಲ ಅಂದರೂ ಕೇಳದೆ, ಬಾಣಂತಿ ತಾನೇ ಬಂದು ಅಳುತ್ತ ಹೆಸರು ಬರೆಸಿದ್ದಳು. ಫೋಟೋ ಇಲ್ಲ, ಮತ್ತೊಂದು ಚೀಟಿಯೂ ಇಲ್ಲ, ಮರಣದ ಪುಸ್ತಕದಲ್ಲಿ ಬರೀ 'ಹೆಣ್ಣು ಕೂಸು' ಎಂದಷ್ಟೇ ಇತ್ತು. ಆ ಕೂಸಿನ ಹೆಸರು ಈ ಭೂಮಿಯ ಮೇಲೆ ಇದ್ದದ್ದು ಆ ಪುಟದಲ್ಲಿ ಮಾತ್ರ. ಪ್ರತಿ ವರ್ಷ ಅದೇ ತಾರೀಖಿಗೆ ಬಂದು, ಅರ್ಜಿ ಕೊಟ್ಟು, ಪುಟ ತೆಗೆಸಿ, ಐದು ನಿಮಿಷ ನೋಡಿ ಹೋಗುತ್ತಿದ್ದಳು. "ನಕಲು ಬೇಡ ಅಣ್ಣಾ, ಅದು ಮಿಷನ್ನಿನ ಅಕ್ಷರ" ಎಂದಿದ್ದಳು ಒಮ್ಮೆ. ಆ ಮಾತಿಗೆ ಮಸಿರಾಯ ವಾರವಿಡೀ ಬೀಗಿದ್ದ. ಈ ವರ್ಷದ ತಾರೀಖಿಗೆ ಇನ್ನು ಎಂಟೇ ದಿನವಿತ್ತು.

ಕಚೇರಿಯಲ್ಲಿ ಎಷ್ಟು ನೀರಿದೆ ಎಂಬುದು ಅವನಿಗೆ ಈಗಲೇ ಕಂಡದ್ದು. ಕಾಗೆಕಾಲು ನಾಲಿಗೆಗೆ ಬೆರಳು ತಾಗಿಸದೆ ಒಂದು ಹಾಳೆಯನ್ನೂ ಮಗುಚುವವನಲ್ಲ. ಪ್ರತಿ ಮೇಜಿನಲ್ಲೂ ಬೆರಳು ಒದ್ದೆ ಮಾಡುವ ಸ್ಪಂಜಿನ ಬಟ್ಟಲು. ಮಸಿರಾಯ ಅವನ್ನೆಲ್ಲ ಎತ್ತಿ ಕಪಾಟಿನಲ್ಲಿಟ್ಟ.

"ಏನಯ್ಯಾ, ಸ್ಪಂಜಿನ ಮೇಲೆ ಯಾಕೆ ಸಿಟ್ಟು?" ಎಂದ ಕಾಗೆಕಾಲು.

"ಕ್ರಿಮಿ ಇರ್ತವೆ."

"ಇಪ್ಪತ್ತು ವರ್ಷದಿಂದ ಇರ್ಲಿಲ್ವಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಮಸಿರಾಯ ಕೈ ಹಿಂದೆ ಕಟ್ಟಿಕೊಂಡ. ದಾಖಲೆ ಕೋಣೆಗೆ ಹೋಗಿ ಆ ಪುಸ್ತಕದ ಹಾಳೆಗಳ ನಡುವೆ ನೀರು ಹೀರುವ ಒತ್ತುಕಾಗದ ಇಟ್ಟು ಬಂದ. ಮರುದಿನ ಹೋಗಿ ನೋಡಿದ. ಅದರ ಮರುದಿನವೂ ಹೋದ. ಬುಧವಾರ ಕಚೇರಿ ಇಂಕಿನ ದವಾತಿ ಜೊತೆಗೊಯ್ದ. ಹಳೇ ಗೆರೆಗಳ ಮೇಲೆಯೇ ತಿದ್ದಿಬಿಟ್ಟರೆ ಯಾರಿಗೆ ತಿಳಿದೀತು? ಕಡ್ಡಿ ಅದ್ದಿ ಕೈ ಮುಂದೆ ಚಾಚಿದವನಿಗೆ ತನ್ನದೇ ಪಾಠ ನೆನಪಾಯಿತು. ಬರೆದದ್ದರ ಮೇಲೆ ಬರೆಯಬಾರದು, ತಪ್ಪಿದ್ದರೆ ಗೀಟು ಹಾಕಿ, ಪಕ್ಕದಲ್ಲಿ ಬರೆದು, ಅಧಿಕಾರಿಯ ಸಹಿ ಪಡೆಯಬೇಕು ಎಂದು ಹೊಸಬರಿಗೆಲ್ಲ ಇವನೇ ಕಿವಿ ಹಿಂಡಿ ಕಲಿಸಿದ್ದ. ಕಡ್ಡಿ ಒರೆಸಿ ವಾಪಸು ಬಂದ. ರಿಜಿಸ್ಟ್ರಾರ್ ಮೇಡಮ್ಮಿಗೆ ಹೇಳೋಣ ಎಂದು ಅವರ ಬಾಗಿಲವರೆಗೆ ಎರಡು ಸಲ ಹೋಗಿ ಎರಡು ಸಲ ತಿರುಗಿದ. ಹೇಳಿದರೆ ರಿಜಿಸ್ಟರು ಕೈತಪ್ಪುತ್ತದೆ, ಇಡೀ ಕಚೇರಿಯ ಎದುರು ಮುಖಕ್ಕೆ ಮಸಿ. ಹೇಳದಿದ್ದರೆ ಆ ಹೆಸರು ಯಾವತ್ತೋ ಒಂದು ದಿನ ಹೋಗುತ್ತದೆ. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವನ ಪಾಡು.

ಸೋಮವಾರ ಹನ್ನೊಂದಕ್ಕೆ ಟೈಲರಮ್ಮ ಬಂದಳು. ಕುತ್ತಿಗೆಯಲ್ಲಿ ಅಳತೆಯ ಟೇಪು ಹಾಗೇ ಇತ್ತು. ಅಂಗಡಿಯಿಂದ ನೆಟ್ಟಗೆ ಬಂದಿದ್ದಳು. ಮಸಿರಾಯ ಪುಸ್ತಕ ತಂದು, ಪುಟ ತಾನೇ ತೆರೆದು, "ಮುಟ್ಟಬೇಡಿ ಅಮ್ಮಾ, ಕಾಗದ ಹಳೇದಾಗಿದೆ" ಎಂದ. ಆಕೆ ತಲೆಯಾಡಿಸಿ ಬಗ್ಗಿ ನೋಡತೊಡಗಿದಳು. ಅಷ್ಟರಲ್ಲಿ ಫ್ಯಾನಿನ ಗಾಳಿಗೆ ಹಾಳೆ ಎದ್ದಿತು. ಮಸಿರಾಯ ಕೈ ಚಾಚುವ ಮೊದಲೇ ಅವಳು, ದಿನಕ್ಕೆ ನೂರು ಸಲ ಸೂಜಿಗೆ ದಾರ ಪೋಣಿಸುವವಳು, ಅಭ್ಯಾಸಬಲದಿಂದ ಬೆರಳನ್ನು ತುಟಿಗೆ ತಾಗಿಸಿಕೊಂಡು ಹಾಳೆಯನ್ನು ಅದುಮಿ ಹಿಡಿದಳು. ಹಿಡಿದದ್ದು ಹೆಸರಿನ ಮೇಲೆಯೇ. ಗಾಬರಿಯಾಗಿ ಬೆರಳೆಳೆದಳು. ಹೆಸರು ಬೆರಳಿನ ಜೊತೆ ಹೋಯಿತು.

"ಅಯ್ಯೋ ಅಣ್ಣಾ, ನಾನು ಅಳಿಸಿಬಿಟ್ಟೆ." ಅವಳು ಮಸಿಯಾದ ಬೆರಳನ್ನು ನೋಡಿಕೊಂಡಳು. "ನೀವು ಮುಟ್ಟಬೇಡಿ ಅಂದಿದ್ರಿ. ನನ್ನ ಕೈಯಾರೆ ನಾನೇ ಅಳಿಸಿಬಿಟ್ಟೆ."

ಮಸಿರಾಯನಿಗೆ ಬಾಗಿಲು ತೆರೆದಿತ್ತು. ಸಾರ್ವಜನಿಕರ ಅಜಾಗರೂಕತೆಯಿಂದ ಎಂದು ಒಂದು ಸಾಲು ಬರೆದರೆ ಮುಗಿಯಿತು. ಅವಳೇ ಸಾಕ್ಷಿ ಹೇಳುತ್ತಾಳೆ. ಹೌದು, ಆ ಆಲೋಚನೆ ಅವನಿಗೆ ಬಂತು, ಮುಚ್ಚಿಡುವುದೇಕೆ. ಬಂದದ್ದಕ್ಕೆ ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

"ನೀವಲ್ಲಮ್ಮ, ನಾನು. ತೊಳೆದ್ರೆ ಹೋಗೋ ಇಂಕಲ್ಲಿ ಬರೆದಿದ್ದೆ" ಎಂದವನು ಪುಸ್ತಕ ಎತ್ತಿಕೊಂಡು, ಅವಳನ್ನೂ ಕರೆದುಕೊಂಡು ಮೇಡಮ್ಮಿನ ಕೋಣೆಗೆ ನಡೆದ.

ಮೇಡಮ್ಮು ಪೂರ್ತಿ ಕೇಳಿದರು. ಕೂಗಾಡಿದ್ದರೆ ಮೇಲಿತ್ತು. "ಮೂರು ತಿಂಗಳಿನದು ಎಲ್ಲಾ ಬೇರೆ ಪುಸ್ತಕಕ್ಕೆ ಇಳಿಸಬೇಕು. ನೀವು ಓದಿ ಹೇಳಿ, ಬರೆಯೋದು ಅವರು" ಎಂದು ಬಾಗಿಲಲ್ಲಿ ಇಣುಕುತ್ತಿದ್ದ ಕಾಗೆಕಾಲಿನ ಕಡೆ ತೋರಿಸಿದರು. "ಇವತ್ತಿಂದ ನೀವು ರಿಜಿಸ್ಟರು ಮುಟ್ಟಬೇಡಿ. ಮೊದಲು ಈ ಅಮ್ಮನ ಮಗುವಿನದು ಆಗ್ಲಿ. ಗೀಟು ಹಾಕಕ್ಕೆ ಅಲ್ಲಿ ಏನೂ ಉಳಿದಿಲ್ಲ. ಅದೇ ಜಾಗದಲ್ಲಿ ಬರೀರಿ, ನಾನು ಸಹಿ ಮಾಡ್ತೀನಿ."

ಕಾಗೆಕಾಲು ಕಡ್ಡಿ ಅದ್ದಿಕೊಂಡು, ಎಂದಿಲ್ಲದ ಸಂಕೋಚದಿಂದ ಕೂತ. ಟೈಲರಮ್ಮ ಹೆಸರು ಹೇಳಿದಳು. ಮೂರಕ್ಷರದ ಹೆಸರು. ಐದು ವರ್ಷದಲ್ಲಿ ಯಾರ ಮುಂದೆಯೂ ಬಾಯಿಬಿಟ್ಟು ಹೇಳಿರಲಿಲ್ಲವೋ ಏನೋ, ದನಿ ಒಡೆಯಿತು.

"ಮೊದಲಕ್ಷರ ಹ್ರಸ್ವನಾ, ದೀರ್ಘನಾ?" ಎಂದ ಕಾಗೆಕಾಲು.

"ಹ್ರಸ್ವ" ಎಂದ ಮಸಿರಾಯ ತಟ್ಟನೆ. ಆ ಪುಟ ಅವನಿಗೆ ಕಂಠಪಾಠ.

"ದೀರ್ಘ" ಎಂದಳು ಅವಳು.

ಅವಳು ಮಸಿರಾಯನ ಮುಖ ನೋಡದೆ, ಟೇಪಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಹೇಳಿದಳು: "ಅವತ್ತು ಅಳ್ತಾ ಹೇಳಿದ್ನಲ್ಲ, ಸರಿಯಾಗಿ ಕೇಳಿಸಿರಲಿಕ್ಕಿಲ್ಲ. ಮುಂದಿನ ವರ್ಷ ಬಂದಾಗಲೇ ನೋಡ್ದೆ. ತಿದ್ದಿಸೋದು ಹೇಗೆ ಅಂತ ಹೊರಗಡೆ ಯಾರನ್ನೋ ಕೇಳಿದ್ರೆ, ಹೆಸರಿಗೆ ಗೀಟು ಹೊಡೀತಾರೆ ಅಂದ್ರು. ಇದ್ದದ್ದೇ ಒಂದು ದಿನ. ಅವಳ ಮೇಲೆ ಗೀಟು ಹೊಡೆಸೋಕೆ ನಂಗೆ ಮನಸ್ಸು ಬರ್ಲಿಲ್ಲ. ಅಣ್ಣ ಅಷ್ಟು ಚೆಂದ ಬೇರೆ ಬರೆದಿದ್ರು."

ಮಸಿರಾಯ ದವಾತಿಯನ್ನು ಕಾಗೆಕಾಲಿನ ಹತ್ತಿರಕ್ಕೆ ಸರಿಸಿದ. ಕಾಗೆಕಾಲು ನಾಲಿಗೆ ಕಚ್ಚಿಕೊಂಡು, ಒಂದೊಂದು ಗೆರೆಗೂ ಉಸಿರು ಬಿಗಿಹಿಡಿದು, ಮೂರಕ್ಷರ ಬರೆದ. ಸಾಲು ಮೇಲಕ್ಕೆ ಓಡಿತ್ತು, ದೀರ್ಘದ ಕೊಂಬು ಪಕ್ಕದ ಅಕ್ಷರದ ಮನೆಗೆ ನುಗ್ಗಿತ್ತು. ಟೈಲರಮ್ಮ ಕೈಗಳನ್ನು ಹಿಂದೆ ಕಟ್ಟಿಕೊಂಡು, ಇಂಕು ಆರುವವರೆಗೆ ಬಗ್ಗಿ ನೋಡುತ್ತಲೇ ಇದ್ದಳು.

"ಹ್ಞೂ" ಎಂದಳು ಕೊನೆಗೆ. "ಈಗ ಇದು ಅವಳ ಹೆಸರು."